ಎಲೆ ಬೇರೆ, ಎಣ್ಣೆ ಬೇರೆ: ಬೇವಿನ ಔಷಧಿಯ ಲೆಕ್ಕ ಎಲ್ಲಿ ತಪ್ಪುತ್ತಿದೆ?

ಕಲಬುರಗಿ, ಬೀದರ್, ಯಾದಗಿರಿ ಕಡೆ ಯುಗಾದಿಯ ಬೇವು ಎಂದರೆ ಕುಡಿಯುವ ಬೇವು. ಹುಣಸೆ ಹುಳಿ, ಬೆಲ್ಲ, ಪುಟಾಣಿ ಹಿಟ್ಟು, ಮಾವಿನಕಾಯಿ ತುರಿ, ದ್ರಾಕ್ಷಿ, ಗೋಡಂಬಿ ಸೇರಿದ ಆ ಪಾನಕದಲ್ಲಿ ಬೇವಿನ ಹೂವು ಇರುವುದು ಚಿಟಿಕೆಯಷ್ಟು. ತಲೆಮಾರುಗಳಿಂದ ಕುಡಿಯುತ್ತ ಬಂದಿದ್ದೇವೆ, ಅದರಿಂದ ಹಾಸಿಗೆ ಹಿಡಿದವರಿಲ್ಲ. ಆದರೆ ಈಚಿನ ವರ್ಷಗಳಲ್ಲಿ ಯುಗಾದಿ ಮುಗಿದರೂ ಬೇವು ಮುಗಿಯುತ್ತಿಲ್ಲ. ಮೊಬೈಲಿಗೆ ದಿನಕ್ಕೊಂದು ವಿಡಿಯೊ ಬರುತ್ತದೆ: ಖಾಲಿ ಹೊಟ್ಟೆಯಲ್ಲಿ ಒಂದು ಲೋಟ ಬೇವಿನ ರಸ ಕುಡಿಯಿರಿ, ಮೂರು ತಿಂಗಳಲ್ಲಿ ಶುಗರ್ ಮಾಯ. ಬೇವಿನ ಎಣ್ಣೆ ಎರಡು ಚಮಚ, ಹೊಟ್ಟೆಯ ಹುಳವೆಲ್ಲ ಹೊರಗೆ. ಮಿಕ್ಸರ್ ಮನೆಯಲ್ಲಿದೆ, ಗಿಡ ಅಂಗಳದಲ್ಲಿದೆ, ಖರ್ಚು ಏನೂ ಇಲ್ಲ. ದವಾಖಾನೆಗೆ ಹೋದರೆ ದಿನವೆಲ್ಲ ಹಾಳು.

ಬೇವಿನಲ್ಲಿ ಔಷಧಿ ಗುಣ ಇದೆಯೇ ಎಂಬ ಪ್ರಶ್ನೆಗೆ ಉತ್ತರ ಸುಲಭ: ಇದೆ, ಬೇಕಾದಷ್ಟಿದೆ. ತೊಡಕಿರುವುದು ಬೇರೆಡೆ. ಒಂದೇ ಗಿಡದ ಎಲೆ, ತೊಗಟೆ, ಹೂವು, ಬೀಜದ ತಿರುಳು, ಎಣ್ಣೆ ಇವೆಲ್ಲ ಗುಣದಲ್ಲಿ ಒಂದೇ ಎಂದು ನಾವು ನಂಬಿಬಿಟ್ಟಿದ್ದೇವೆ. ಹೂವು ತಿಂದು ಏನೂ ಆಗಲಿಲ್ಲವೆಂದರೆ ಎಣ್ಣೆ ಕುಡಿದರೂ ಏನೂ ಆಗದು ಎಂಬ ತರ್ಕ ನಮ್ಮದು. ಈ ತರ್ಕಕ್ಕೆ ಹೆಚ್ಚಾಗಿ ಬಲಿಯಾಗುವವರು ಹಸುಗೂಸುಗಳು.

ಚಮಚದಲ್ಲಿರುವ ಅಪಾಯ

ಬೇವಿನ ಎಣ್ಣೆಯ ಮಾತನ್ನೇ ಮೊದಲು ಮುಗಿಸುತ್ತೇನೆ. ಈ ಲೇಖನದಲ್ಲಿ ಒಂದೇ ವಿಷಯ ನೆನಪಿಡುವುದಾದರೆ ಇದನ್ನೇ ನೆನಪಿಡಬೇಕು.

1981ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಮಲೇಷ್ಯಾದ ವೈದ್ಯರ ವರದಿಯೊಂದು ಪ್ರಕಟವಾಯಿತು. ಅಲ್ಲಿಯೂ ಮನೆಮದ್ದಾಗಿ ಹಸುಗೂಸುಗಳಿಗೆ ಬೇವಿನ ಎಣ್ಣೆ ಕುಡಿಸುವ ವಾಡಿಕೆ ಇತ್ತು. ಕುಡಿಸಿದ್ದು 5ರಿಂದ 30 ಮಿಲಿಲೀಟರ್. ಕೆಲವೇ ಗಂಟೆಗಳಲ್ಲಿ ವಾಂತಿ, ಮಂಪರು, ಏದುಸಿರು, ಆಮೇಲೆ ಸೆಳೆತ. ರಕ್ತದಲ್ಲಿ ಆಮ್ಲ ಏರಿತ್ತು, ಯಕೃತ್ತಿನಲ್ಲಿ ಕೊಬ್ಬು ತುಂಬಿತ್ತು, ಮಿದುಳಿನಲ್ಲಿ ಬಾವು ಇತ್ತು. ಮಕ್ಕಳ ಪ್ರಾಣಕ್ಕೇ ಎರವಾಗುವ ‘ರೈ ಸಿಂಡ್ರೋಮ್’ ಎಂಬ ಕಾಯಿಲೆಯನ್ನು ಇದು ತದ್ವತ್ ಹೋಲುತ್ತಿತ್ತು. ನಮ್ಮ ದೇಶದಲ್ಲೂ ಇಂಥ ಪ್ರಕರಣಗಳು ದಾಖಲಾಗಿವೆ. 2008ರಲ್ಲಿ ‘ಇಂಡಿಯನ್ ಪೀಡಿಯಾಟ್ರಿಕ್ಸ್’ ಪತ್ರಿಕೆ ವರದಿ ಮಾಡಿದ ಪ್ರಕರಣದಲ್ಲಿ ಔಷಧಿಗೂ ಬಗ್ಗದ ಸೆಳೆತ ಬಂದಿತ್ತು. ಜೀವ ಉಳಿದ ಮೇಲೂ ನೋಟ, ಕೇಳ್ಮೆ, ನಡಿಗೆಗಳಲ್ಲಿ ತೊಂದರೆ ಕಾಣಿಸಿಕೊಂಡಿತು. ದೊಡ್ಡವರೂ ಬೇವಿನ ಎಣ್ಣೆ ಕುಡಿದು ಸೆಳೆತ ಬಂದು ತೀವ್ರ ನಿಗಾ ಘಟಕ ಸೇರಿದ ವರದಿಗಳಿವೆ.

ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಮೂರು ತಿಂಗಳ ಕೂಸಿನ ತೂಕ ಹೆಚ್ಚುಕಡಿಮೆ 5 ಕಿಲೋ. ಟೀ ಚಮಚ ಒಂದು ಎಂದರೆ 5 ಮಿಲಿ. ತೂಕದ ಲೆಕ್ಕದಲ್ಲಿ ಅದು 60 ಕಿಲೋ ತೂಗುವ ಅಜ್ಜಿ ಒಂದೇ ಗುಟುಕಿಗೆ 60 ಮಿಲಿ ಎಣ್ಣೆ ಕುಡಿದದ್ದಕ್ಕೆ ಸಮ. ಕೂಸಿಗೆ ಒಂದು ಚಮಚ ಕುಡಿಸಲು ಹಿಂದೆಮುಂದೆ ನೋಡದ ಯಾವ ಅಜ್ಜಿಯೂ ತಾನು ಅರ್ಧ ಬಟ್ಟಲು ಕುಡಿಯಲು ಒಪ್ಪುವುದಿಲ್ಲ.

ನಮ್ಮ ಭಾಗದಲ್ಲಿ ಇದಕ್ಕೆ ಇನ್ನೊಂದು ಅಪಾಯ ಸೇರಿಕೊಳ್ಳುತ್ತದೆ. ಹಳ್ಳಿಮನೆಗಳಲ್ಲಿ ಕೂಸಿಗೆ ಔಡಲ ಎಣ್ಣೆ ನೆಕ್ಕಿಸುವ, ನೆತ್ತಿಗೆ ಹಾಕುವ ಪದ್ಧತಿ ಇನ್ನೂ ಇದೆ. ಔಡಲ ಎಣ್ಣೆಯ ಸೀಸೆಯೂ ಬೇವಿನ ಎಣ್ಣೆಯ ಸೀಸೆಯೂ ಒಂದೇ ಮಾಡದಲ್ಲಿ ಇರುತ್ತವೆ, ಎರಡೂ ಹಳೆಯ ಔಷಧಿ ಬಾಟಲಿಗಳು, ಎರಡಕ್ಕೂ ಚೀಟಿ ಇಲ್ಲ. ಹಗಲಿನಲ್ಲಿ ವಾಸನೆಯಿಂದ ಗುರುತು ಹತ್ತುತ್ತದೆ. ನಡುರಾತ್ರಿ ಕೂಸು ಅಳುತ್ತಿರುವಾಗ, ವಿದ್ಯುತ್ ಹೋಗಿರುವಾಗ, ಮನೆಗೆ ಹೊಸದಾಗಿ ಬಂದ ಸೊಸೆಗೆ ಅತ್ತೆ ‘ಆ ಮಾಡದಾಗಿನ ಎಣ್ಣಿ ತಗೊಂಡು ಬಾ’ ಎಂದಾಗ ಏನಾಗಬಹುದು ಎಂದು ಬಿಡಿಸಿ ಹೇಳಬೇಕಿಲ್ಲ. ಗೊಬ್ಬರದ ಅಂಗಡಿಯಲ್ಲಿ ಬೆಳೆಗೆಂದು ಮಾರುವ ‘ನೀಮ್ ಆಯಿಲ್’ ಬಾಟಲಿಯಂತೂ ಅಡುಗೆಮನೆಯ ಹತ್ತಿರವೂ ಸುಳಿಯಬಾರದು. ಅದರಲ್ಲಿ ಬೇವಿನ ಸತ್ವದ ಜೊತೆಗೆ ದ್ರಾವಕಗಳು, ನೀರಿನೊಂದಿಗೆ ಬೆರೆಯಲು ಹಾಕಿದ ರಾಸಾಯನಿಕಗಳು ಇರುತ್ತವೆ.

ಎಣ್ಣೆಯಲ್ಲಿ ವಿಷ ಯಾವುದು ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಒಮ್ಮತ ಮೂಡಿಲ್ಲ. ಎಣ್ಣೆಯಲ್ಲಿ ಕರಗುವ ಕಹಿ ಸಂಯುಕ್ತಗಳ ಮೇಲೆ ಅನುಮಾನವಿದೆ. ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಗಳಿಗೆ ಏಟು ಬೀಳುವುದು ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡಿದೆ. ಮಳೆಗಾಲದಲ್ಲಿ ಆಯ್ದು ಸರಿಯಾಗಿ ಒಣಗಿಸದ ಬೀಜಕ್ಕೆ ಬೂಷ್ಟು ಹಿಡಿದು ಅಫ್ಲಾಟಾಕ್ಸಿನ್ ಸೇರುತ್ತದೆ ಎಂಬುದೂ ಗೊತ್ತಿರುವ ವಿಷಯ. ಶೇಂಗಾಕ್ಕೆ ಹಿಡಿಯುವ ಅದೇ ಬೂಷ್ಟು, ಅದೇ ವಿಷ. ಯಾವುದು ಎಷ್ಟು ಪಾಲು ಎಂಬುದನ್ನು ಪ್ರಯೋಗಾಲಯ ತೀರ್ಮಾನಿಸಲಿ. ಕೂಸಿನ ಬಾಯಿಗೆ ಬೇವಿನ ಎಣ್ಣೆ ಹಾಕಬಾರದು ಎನ್ನಲು ಆ ತೀರ್ಮಾನ ಬರುವವರೆಗೆ ಕಾಯಬೇಕಿಲ್ಲ.

ಆಕಸ್ಮಿಕವಾಗಿ ಮಗು ಕುಡಿದುಬಿಟ್ಟರೆ ಉಪ್ಪುನೀರು ಕುಡಿಸಿ, ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸಲು ಹೋಗಬೇಡಿ. ಎಣ್ಣೆ ಶ್ವಾಸನಾಳಕ್ಕೆ ಇಳಿದರೆ ಎರಡನೆಯ ಅಪಾಯ ತಂದುಕೊಂಡಂತೆ. 108ಕ್ಕೆ ಕರೆ ಮಾಡಿ, ಸೀಸೆಯನ್ನು ಜೊತೆಗೆ ಒಯ್ಯಿರಿ, ಏನು ಕುಡಿಸಿದ್ದೀರೋ ಅದನ್ನು ಮುಚ್ಚಿಡದೆ ಹೇಳಿರಿ. ಇದಕ್ಕೆ ಪ್ರತಿವಿಷವಿಲ್ಲ. ಸೆಳೆತ ನಿಲ್ಲಿಸುವುದು, ರಕ್ತದ ಆಮ್ಲ ಸರಿಪಡಿಸುವುದು, ಉಸಿರಾಟ ಕಾಯುವುದು ಇಷ್ಟೇ ಚಿಕಿತ್ಸೆ. ಅದು ಬೇಗ ಶುರುವಾಗಬೇಕು. ತಾಂಡಾದಿಂದಲೋ ದೂರದ ಹಳ್ಳಿಯಿಂದಲೋ ಜಿಲ್ಲಾ ಆಸ್ಪತ್ರೆಗೆ ಬರಲು ಹಿಡಿಯುವ ಹೊತ್ತು ಕಡಿಮೆಯದಲ್ಲ. ಬೈಯುತ್ತಾರೆಂಬ ಹೆದರಿಕೆಯಿಂದ ‘ಏನೂ ಕುಡಿಸಿಲ್ಲ’ ಎಂದು ಹೇಳಿದರೆ ವೈದ್ಯರು ಮಿದುಳು ಜ್ವರವೆಂದು ಹುಡುಕುತ್ತ ಕೂರಬೇಕಾಗುತ್ತದೆ.

ಅಮ್ಮ ಬಂದ ಮನೆ

ಬೇವು ನಮ್ಮಲ್ಲಿ ಬರೀ ಗಿಡವಲ್ಲ. ಮೈಮೇಲೆ ಅಮ್ಮ ಎದ್ದರೆ, ಎಂದರೆ ಚಿಕನ್‌ಪಾಕ್ಸ್ ಬಂದರೆ, ಬಾಗಿಲಿಗೆ ಬೇವಿನ ತೊಪ್ಪಲು ಕಟ್ಟುತ್ತಾರೆ, ಹಾಸಿಗೆಯಲ್ಲಿ ಎಲೆ ಹಾಸುತ್ತಾರೆ, ಕಡೆಗೆ ಬೇವಿನ ನೀರಿನ ಸ್ನಾನ ಮಾಡಿಸುತ್ತಾರೆ. ಇದನ್ನು ಗೇಲಿ ಮಾಡುವವರ ಜೊತೆ ನಾನಿಲ್ಲ. ಬಾಗಿಲಿನ ತೊಪ್ಪಲು ಕಂಡು ಹೊರಗಿನವರು ಒಳಗೆ ಬರುವುದಿಲ್ಲ. ಅಂಟುರೋಗಕ್ಕೆ ಅದಕ್ಕಿಂತ ಒಳ್ಳೆಯ ಸೂಚನಾ ಫಲಕ ಯಾವುದಿದೆ? ಎಲೆಯಿಂದ ಸವರಿದರೆ ತುರಿಕೆ ತಗ್ಗುತ್ತದೆ, ಉಗುರಿನಿಂದ ಕೆರೆದು ಕೀವಾಗುವುದು ತಪ್ಪುತ್ತದೆ. ಆದರೆ ಬೇವು ಆ ವೈರಾಣುವನ್ನು ಕೊಲ್ಲುತ್ತದೆ ಎಂದುಕೊಂಡು ಗರ್ಭಿಣಿಯನ್ನೋ, ಹಸುಗೂಸನ್ನೋ, ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿರುವವರನ್ನೋ ಮನೆಯಲ್ಲೇ ಮಲಗಿಸಿಕೊಂಡರೆ ಅದು ತಪ್ಪು. ಅವರಿಗೆ ಕಾಯಿಲೆ ಶ್ವಾಸಕೋಶಕ್ಕೆ ಇಳಿಯಬಹುದು. ವೈರಾಣು ನಿರೋಧಕ ಮಾತ್ರೆ ಬೇಗ ಶುರುವಾದಷ್ಟೂ ಒಳ್ಳೆಯದು.

ಇನ್ನೊಂದು ಮಾತು. ಚಿಕನ್‌ಪಾಕ್ಸ್ ಬಂದ ಮಗುವಿಗೆ ಜ್ವರ ಇಳಿಯಲೆಂದು ಆಸ್ಪಿರಿನ್ ಕೊಡಬಾರದು. ಮೇಲೆ ಹೇಳಿದ ರೈ ಸಿಂಡ್ರೋಮ್ ಬರಲು ಆಸ್ಪಿರಿನ್ ಒಂದು ಪ್ರಮುಖ ಕಾರಣವೆಂದು ಜಗತ್ತಿಗೆ ಗೊತ್ತಾದದ್ದೇ ಚಿಕನ್‌ಪಾಕ್ಸ್, ಫ್ಲೂ ಬಂದ ಮಕ್ಕಳಿಂದ. ಬೇವಿನ ಎಣ್ಣೆಯೂ ಅಂಥದೇ ಚಿತ್ರ ತಂದಿಡುತ್ತದೆ. ಅಮ್ಮ ಬಂದ ಮನೆಯಲ್ಲಿ ಬೇವಿನ ಎಲೆ ಇರಲಿ, ಕುಡಿಯುವ ಬೇವಿನ ಎಣ್ಣೆಯೂ ಆಸ್ಪಿರಿನ್ ಮಾತ್ರೆಯೂ ಬೇಡ.

ಶುಗರ್ ಮತ್ತು ಹಸಿರು ಲೋಟ

ಬೇವಿನ ಎಲೆ ರಕ್ತದ ಸಕ್ಕರೆಯನ್ನು ಇಳಿಸುತ್ತದೆಯೇ? ಇಳಿಸುವ ಗುಣ ಇದೆ ಎನ್ನಲು ಆಧಾರವಿದೆ. ನಮ್ಮವರು ದೊಡ್ಡ ಕಾಯಿಲೆ ಎಂದರೆ ಓಡುವ ಹೈದರಾಬಾದಿನ ನಿಜಾಮ್ಸ್ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲೇ ಇದರ ಪ್ರಯೋಗ ನಡೆದು 2020ರಲ್ಲಿ ಪ್ರಕಟವಾಗಿದೆ. ಸಕ್ಕರೆ ಇಳಿಸುವ ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದ ಸುಮಾರು 80 ಮಂದಿ ಮಧುಮೇಹಿಗಳಲ್ಲಿ ಕೆಲವರಿಗೆ ಬೇವಿನ ಎಲೆ ಮತ್ತು ಎಳೆ ಕಡ್ಡಿಗಳಿಂದ ತೆಗೆದ ಸತ್ವದ ಕ್ಯಾಪ್ಸೂಲ್, ಇನ್ನು ಕೆಲವರಿಗೆ ಔಷಧಿಯಿಲ್ಲದ ಹುಸಿ ಕ್ಯಾಪ್ಸೂಲ್ ಕೊಟ್ಟರು. ಯಾರಿಗೆ ಯಾವುದು ಎಂಬುದು ರೋಗಿಗೂ ಗೊತ್ತಿಲ್ಲ, ಕೊಟ್ಟವರಿಗೂ ಗೊತ್ತಿಲ್ಲ. ಹನ್ನೆರಡು ವಾರ ಕಳೆದಾಗ ಬೇವು ತೆಗೆದುಕೊಂಡವರ ಸಕ್ಕರೆ ಹೆಚ್ಚು ಇಳಿದಿತ್ತು.

ವಿಡಿಯೊದವರು ಇಲ್ಲಿಗೇ ನಿಲ್ಲಿಸುತ್ತಾರೆ. ಮುಂದೆ ಓದಿದರೆ ಕಾಣುವುದು ಬೇರೆ. ಅಲ್ಲಿ ಕೊಟ್ಟದ್ದು ಮಿಲಿಗ್ರಾಂ ಲೆಕ್ಕದಲ್ಲಿ ಅಳೆದ, ಪ್ರತಿ ಕ್ಯಾಪ್ಸೂಲಿನಲ್ಲೂ ಒಂದೇ ಸಮವಾಗಿದ್ದ ಸತ್ವ. ಮಿಕ್ಸರಿನಲ್ಲಿ ಅರೆದ ಹಸಿರು ರಸವಲ್ಲ. ಅದನ್ನು ಕೊಟ್ಟದ್ದು ಮಾತ್ರೆಯ ಜೊತೆಗೆ. ಮಾತ್ರೆ ಬಿಡಿಸಿ ಅಲ್ಲ. ನಡೆದದ್ದು ಮೂರು ತಿಂಗಳು. ಮೂತ್ರಪಿಂಡ, ಕಣ್ಣು, ನರ ಉಳಿದವೇ ಎಂದು ತಿಳಿಯಲು ವರ್ಷಗಟ್ಟಲೆ ನೋಡಬೇಕು. ಎಂಬತ್ತು ಜನರ ಒಂದು ಪ್ರಯೋಗ ಭರವಸೆ ಮೂಡಿಸುತ್ತದೆ, ಅಷ್ಟೇ.

ಅಂಗಳದ ಬೇವಿಗೆ ಅಂಥ ಅಳತೆ ಇಲ್ಲ. ಒಂದು ಗಿಡಕ್ಕೂ ಇನ್ನೊಂದಕ್ಕೂ, ಚಿಗುರಿಗೂ ಬಲಿತ ಎಲೆಗೂ, ಬೇಸಿಗೆಗೂ ಮಳೆಗಾಲಕ್ಕೂ ಸತ್ವದ ಪ್ರಮಾಣ ಬದಲಾಗುತ್ತದೆ. ಇವತ್ತಿನ ಲೋಟ ನೀರಿನಂತಿರಬಹುದು, ನಾಳಿನದು ಜೋರಾಗಿರಬಹುದು. ಗ್ಲಿಮೆಪಿರೈಡ್, ಗ್ಲಿಕ್ಲಜೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವ ಅರವತ್ತು ದಾಟಿದವರೊಬ್ಬರು ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಅದನ್ನು ಕುಡಿದು, ನಾಲ್ಕು ಸುತ್ತು ನಡೆದು, ಸೋಮವಾರವೆಂದೋ ಗುರುವಾರವೆಂದೋ ಉಪವಾಸವನ್ನೂ ಮಾಡಿದರೆ ಸಕ್ಕರೆ ಕುಸಿದು ಬೀಳುತ್ತದೆ. ಬೆವರು, ನಡುಕ, ತಲೆಸುತ್ತು. ಕಲಬುರಗಿಯ ಮೇ ತಿಂಗಳಲ್ಲಿ ಇದನ್ನೆಲ್ಲ ಬಿಸಿಲಿನ ಲೆಕ್ಕಕ್ಕೆ ಬರೆದುಬಿಡುವುದು ಇನ್ನೂ ಸುಲಭ.

ಇದಕ್ಕಿಂತ ದೊಡ್ಡ ಅಪಾಯ ತಿರುವುಮುರುವಾಗಿ ಬರುವಂಥದ್ದು. ರಸ ಶುರು ಮಾಡಿದ ಮೇಲೆ ಮಾತ್ರೆ ನಿಲ್ಲಿಸುತ್ತಾರೆ. ಮೊದಲ ವಾರ ಹುರುಪಿನಲ್ಲಿ ಅನ್ನ, ಸಿಹಿ ಎರಡನ್ನೂ ಬಿಟ್ಟಿರುತ್ತಾರೆ, ಹಾಗಾಗಿ ಸಕ್ಕರೆ ಇಳಿದೇ ಇರುತ್ತದೆ. ಶ್ರೇಯಸ್ಸು ಮಾತ್ರ ಬೇವಿಗೆ ಸಲ್ಲುತ್ತದೆ. ಆಮೇಲೆ ಊಟ ಹಳೆಯ ದಾರಿಗೆ ಬರುತ್ತದೆ, ಮಾತ್ರೆ ಮಾತ್ರ ವಾಪಸು ಬರುವುದಿಲ್ಲ. ಕಾಲಿನ ಗಾಯ ಮಾಯದೆ ಕಪ್ಪಾದಾಗ ದವಾಖಾನೆಯ ನೆನಪಾಗುತ್ತದೆ.

ಕಾನೂನು ಈ ವಿಷಯದಲ್ಲಿ ಹಳೆಯದೇ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆಯ ಪಟ್ಟಿಯಲ್ಲಿ ಮಧುಮೇಹ, ಕ್ಯಾನ್ಸರ್ ಎರಡೂ ಇವೆ. ಇವನ್ನು ಗುಣಪಡಿಸುತ್ತೇವೆಂದು ಔಷಧಿಯ ಜಾಹೀರಾತು ಕೊಡುವುದು ಅಪರಾಧ. ಕಾಯ್ದೆ ಬರೆದವರ ಕಣ್ಣ ಮುಂದೆ ಇದ್ದದ್ದು ಗೋಡೆಬರಹ, ಕರಪತ್ರ, ಪತ್ರಿಕೆಯ ಜಾಹೀರಾತು. ಸೋದರಮಾವ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಕಳಿಸುವ ವಿಡಿಯೊಗೆ ಅದರಲ್ಲಿ ಜಾಗವಿರಲಿಲ್ಲ.

ಯಾರು ದೂರ ಇರಬೇಕು

ಗರ್ಭಿಣಿಯರು, ಮಗುವಿಗಾಗಿ ಹಂಬಲಿಸುತ್ತಿರುವ ಗಂಡ-ಹೆಂಡತಿ ಇಬ್ಬರೂ ಬೇವಿನ ರಸ, ಎಣ್ಣೆ, ಕ್ಯಾಪ್ಸೂಲುಗಳಿಂದ ದೂರ ಇರುವುದು ಲೇಸು. ಬೇವಿನ ಎಣ್ಣೆ ವೀರ್ಯಾಣುವನ್ನು ಕ್ಷಣಾರ್ಧದಲ್ಲಿ ನಿಷ್ಕ್ರಿಯಗೊಳಿಸುತ್ತದೆ ಎಂಬುದು 1980ರ ದಶಕದ ಪ್ರಯೋಗಗಳಲ್ಲೇ ಕಂಡಿತ್ತು. ದೆಹಲಿಯಲ್ಲಿ ವಿಜ್ಞಾನಿ ಜಿ.ಪಿ. ತಲವಾರ್ ಅವರ ತಂಡ ಬೇವಿನಿಂದ ಗರ್ಭನಿರೋಧಕ ತಯಾರಿಸಲು ವರ್ಷಗಟ್ಟಲೆ ಕೆಲಸ ಮಾಡಿತು. ಬೀಜದ ಸತ್ವ ಕೊಟ್ಟಾಗ ಇಲಿಗಳಲ್ಲೂ ಬಬೂನ್ ಕೋತಿಗಳಲ್ಲೂ ಗರ್ಭ ನಿಂತುಹೋದದ್ದನ್ನು ಅವರು ತೋರಿಸಿದರು. ಗರ್ಭ ತಡೆಯಲೆಂದು ವಿಜ್ಞಾನಿಗಳು ಪರೀಕ್ಷಿಸಿದ ಅದೇ ವಸ್ತುವನ್ನು ‘ರಕ್ತ ಶುದ್ಧಿಗೆ’ ಎಂದು ಬಸುರಿಗೆ ಕುಡಿಸುವುದು ಎಂಥ ವಿಪರ್ಯಾಸ! ಯುಗಾದಿಯ ಚಿಟಿಕೆ ಹೂವಿಗೆ ಇದನ್ನು ಅನ್ವಯಿಸಿ ಹಬ್ಬ ಕೆಡಿಸಿಕೊಳ್ಳಬೇಕಾಗಿಲ್ಲ. ಮಾತು ದಿನಾಲೂ ಕುಡಿಯುವುದರದ್ದು.

ಜಿ6ಪಿಡಿ ಎಂಬ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುವವರಿಗೆ ಕೆಲವು ಔಷಧಿಗಳಿಂದ ಕೆಂಪು ರಕ್ತಕಣಗಳು ಒಡೆಯುತ್ತವೆ. ಬೇವಿನ ಚಹಾ ಕುಡಿದು ಹೀಗಾದ ಪ್ರಕರಣವನ್ನು ‘ಬಿಎಂಜೆ ಕೇಸ್ ರಿಪೋರ್ಟ್ಸ್’ 2013ರಲ್ಲಿ ಪ್ರಕಟಿಸಿತು. ಮಲೇರಿಯಾಕ್ಕೆ ಪ್ರೈಮಾಕ್ವಿನ್ ಕೊಡಬೇಡಿ ಎಂದು ವೈದ್ಯರು ನಿಮಗೆ ಎಂದಾದರೂ ಹೇಳಿದ್ದರೆ ಬೇವಿನ ಕಷಾಯವನ್ನೂ ಮರೆತುಬಿಡಿ. ಮೂತ್ರಪಿಂಡ ಕಸಿ ಮಾಡಿಸಿಕೊಂಡವರು, ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡಿಕೊಂಡವರು ಕೂಡ ವೈದ್ಯರಿಗೆ ತಿಳಿಸದೆ ಕುಡಿಯಬಾರದು.

‘ನಮ್ಮ ಆಯುರ್ವೇದದಲ್ಲೇ ಹೇಳಿದೆಯಲ್ಲ’ ಎನ್ನುವವರಿಗೆ ಆಯುರ್ವೇದದಿಂದಲೇ ಉತ್ತರವಿದೆ. ಕಹಿ ರಸವನ್ನು ಮಿತಿಮೀರಿ ಸೇವಿಸಿದರೆ ದೇಹ ಒಣಗುತ್ತದೆ, ಬಲ ಕುಂದುತ್ತದೆ, ವಾತ ಕೆರಳುತ್ತದೆ ಎಂದು ಚರಕ ಸಂಹಿತೆ ಎಚ್ಚರಿಸುತ್ತದೆ. ಪಂಡಿತರು ಎಲೆಯ ಪುಡಿಯನ್ನು ಗ್ರಾಂ ಲೆಕ್ಕದಲ್ಲಿ ಕೊಡುತ್ತಾರೆ, ರಸವನ್ನು ಚಮಚದ ಲೆಕ್ಕದಲ್ಲಿ ಕೊಡುತ್ತಾರೆ. ಕೊಡುವ ಮೊದಲು ನಾಡಿ ನೋಡುತ್ತಾರೆ, ಎಷ್ಟು ದಿನ ಎಂದು ಹೇಳುತ್ತಾರೆ. ಲೋಟಗಟ್ಟಲೆ, ವರ್ಷಗಟ್ಟಲೆ ಎಂಬುದು ಚರಕನದೂ ಅಲ್ಲ, ನಮ್ಮ ಅಜ್ಜಿಯದೂ ಅಲ್ಲ. ಅದು ಮಿಕ್ಸರ್ ಬಂದ ಮೇಲಿನ ಸಂಪ್ರದಾಯ. ‘ಅತಿಯಾದರೆ ಅಮೃತವೂ ವಿಷ’ ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಅತಿ ಎಂದರೆ ಎಷ್ಟು ಎಂದು ಕೇಳಿದರೆ ಆ ಗಾದೆಗೂ ಬಾಯಿಲ್ಲ, ವಿಡಿಯೊದವರಿಗೂ ಬಾಯಿಲ್ಲ.

ಎಲೆ ಎಲ್ಲಿಂದ ಕಿತ್ತದ್ದು ಎಂಬುದೂ ಮುಖ್ಯ. ಸೇಡಂ, ಮಳಖೇಡ, ವಾಡಿ ಭಾಗದಲ್ಲಿ ರಸ್ತೆಬದಿಯ ಬೇವಿನ ಎಲೆಗಳ ಮೇಲೆ ಸಿಮೆಂಟ್ ಧೂಳು ಬೂದಿ ಬಳಿದಂತೆ ಕೂತಿರುತ್ತದೆ. ಹೆದ್ದಾರಿಯ ಪಕ್ಕದವಕ್ಕೆ ಹೊಗೆಯ ಲೇಪ. 2021-22ರಲ್ಲಿ ನಮ್ಮ ನೆರೆಯ ತೆಲಂಗಾಣದಲ್ಲಿ ಬೇವಿನ ಗಿಡಗಳು ತುದಿಯಿಂದ ಒಣಗಿ ಕೆಂಪಾಗಿ ನಿಂತದ್ದು ಬೀದರಿನಿಂದ ಜಹೀರಾಬಾದ್ ದಾರಿಯಲ್ಲಿ ಹೈದರಾಬಾದಿಗೆ ಹೋಗಿಬಂದವರಿಗೆ ನೆನಪಿರಬಹುದು. ಫೊಮಾಪ್ಸಿಸ್ ಎಂಬ ಶಿಲೀಂಧ್ರದ ಕೆಲಸ ಅದು. ಈ ಜಾತಿಯನ್ನು ಬೇವಿನ ಮೇಲೆ ಗುರುತಿಸಿ 1997ರಲ್ಲಿ ಹೆಸರಿಟ್ಟವರು ಮೈಸೂರಿನ ಸಂಶೋಧಕರು. ಆಗ ಗಿಡಗಳಿಗೆ ಕಾರ್ಬೆಂಡಜಿಮ್‌ನಂಥ ಶಿಲೀಂಧ್ರನಾಶಕ ಹಾಕಲು ತಜ್ಞರು ಸಲಹೆ ಕೊಟ್ಟಿದ್ದರು. ಔಷಧಿ ಹೊಡೆದ ಗಿಡದ ಚಿಗುರನ್ನು ಕಿತ್ತು ಔಷಧಿ ಎಂದು ಕುಡಿದರೆ ಹೊಟ್ಟೆಗೆ ಹೋಗುವುದು ಯಾವ ಔಷಧಿ? ಹೆಬ್ಬೇವು, ಹುಚ್ಚುಬೇವುಗಳನ್ನು ಬೇವೆಂದು ತಿಳಿಯುವವರೂ ಇದ್ದಾರೆ. ಹುಚ್ಚುಬೇವಿನ ಹಳದಿ ಕಾಯಿ ಜಾನುವಾರಿಗೂ ಮನುಷ್ಯರಿಗೂ ವಿಷ.

ಬೇವು ನಿಜವಾಗಿ ಗೆದ್ದಿರುವ ಕಡೆ

ಇಷ್ಟೆಲ್ಲ ಬೈದದ್ದು ಬೇವಿನ ಮೇಲಿನ ಸಿಟ್ಟಿಗಲ್ಲ. ಹೊಟ್ಟೆಯೊಳಗೆ ಹೋಗದೆ ಮೈಮೇಲೆ, ಹಲ್ಲಿನ ಮೇಲೆ, ಹೊಲದ ಮೇಲೆ ಕೆಲಸ ಮಾಡುವಾಗ ಬೇವಿಗೆ ಸಾಟಿಯಾದದ್ದು ಕಡಿಮೆ.

ತಮಿಳುನಾಡಿನಲ್ಲಿ ಕಜ್ಜಿಯಿಂದ ನರಳುತ್ತಿದ್ದ 814 ಮಂದಿಗೆ ಬೇವಿನ ಎಲೆ ಮತ್ತು ಅರಿಸಿನ ಅರೆದು ಹಚ್ಚಿದಾಗ ಮೂರರಿಂದ ಹದಿನೈದು ದಿನಗಳಲ್ಲಿ ಶೇಕಡ 97ರಷ್ಟು ಮಂದಿಗೆ ವಾಸಿಯಾಯಿತೆಂದು 1992ರಲ್ಲಿ ವರದಿಯಾಯಿತು. ಹೋಲಿಸಿ ನೋಡಲು ಬೇರೆ ಗುಂಪನ್ನು ಇಟ್ಟುಕೊಂಡಿರಲಿಲ್ಲವಾದ್ದರಿಂದ ಅದನ್ನೇ ಕೊನೆಯ ಮಾತೆನ್ನಲಾಗದು. ಆದರೂ ಒಬ್ಬ ಹುಡುಗನಿಗೆ ಕಜ್ಜಿ ಬಂದರೆ ವಾರದೊಳಗೆ ಕೋಣೆಯವರೆಲ್ಲ ಕೆರೆದುಕೊಳ್ಳುವ ನಮ್ಮ ವಸತಿನಿಲಯಗಳ ವಾರ್ಡನ್‌ಗಳು ತಿಳಿದಿರಬೇಕಾದ ಸಂಗತಿ. ಮಣಿಪಾಲದ ಸಂಶೋಧಕರು ಬೇವಿನ ಎಲೆಯ ಸತ್ವದ ಜೆಲ್ಲನ್ನು ಆರು ವಾರ ಬಳಸಿ ನೋಡಿ, ಹಲ್ಲಿನ ಪಾಚಿ ತಡೆಯುವಲ್ಲಿ ಅದು ಚೆನ್ನಾಗಿ ಕೆಲಸ ಮಾಡಿತೆಂದು 2004ರಲ್ಲಿ ಪ್ರಕಟಿಸಿದರು. ಬೇವಿನ ಕಡ್ಡಿ ಜಗಿಯುವವರಿಗೆ ಇದು ಹೊಸ ಸುದ್ದಿಯೇನಲ್ಲ. ಒಸಡು ಕಿತ್ತುಬರುವಂತೆ ಉಜ್ಜದಿದ್ದರೆ ಸಾಕು. ಕ್ಯಾನ್ಸರ್ ವಿಷಯದಲ್ಲಿ ಬೇವಿನ ನಿಂಬೊಲೈಡ್ ಎಂಬ ಸಂಯುಕ್ತ ಪ್ರಯೋಗಾಲಯದ ತಟ್ಟೆಯಲ್ಲಿ ಜೀವಕೋಶಗಳನ್ನು ಕೊಂದದ್ದು ನಿಜ. ತಟ್ಟೆಯಿಂದ ರೋಗಿಯವರೆಗಿನ ದಾರಿ ಬಹಳ ಉದ್ದ, ಆ ದಾರಿಯಲ್ಲಿ ಬಿದ್ದುಹೋದ ಔಷಧಿಗಳೇ ಹೆಚ್ಚು.

ಹೊಲದ ಕಥೆ ಮಾತ್ರ ಪೂರ್ತಿ ಬೇರೆ. 1942ರಲ್ಲೇ ಸಲೀಮುಜ್ಜಮಾನ್ ಸಿದ್ದೀಕಿ ಎಂಬ ರಸಾಯನ ವಿಜ್ಞಾನಿ ಬೇವಿನ ಎಣ್ಣೆಯಿಂದ ನಿಂಬಿನ್, ನಿಂಬಿಡಿನ್ ಎಂಬ ಕಹಿ ಸಂಯುಕ್ತಗಳನ್ನು ಬೇರ್ಪಡಿಸಿದ್ದರು. 1959ರಲ್ಲಿ ಸುಡಾನಿಗೆ ಮಿಡತೆ ದಂಡು ಬಂದು ಹಸಿರೆಲ್ಲ ಬೋಳಿಸಿದಾಗ ಬೇವಿನ ಗಿಡಗಳು ಮಾತ್ರ ಎಲೆ ಸಮೇತ ನಿಂತದ್ದನ್ನು ಜರ್ಮನಿಯ ಕೀಟವಿಜ್ಞಾನಿ ಹೈನ್ರಿಶ್ ಶ್ಮುಟರರ್ ಗಮನಿಸಿದರು. 1968ರಲ್ಲಿ ಬೀಜದಿಂದ ಕೀಟಗಳನ್ನು ಕಾಡುವ ಅಜಡಿರಾಕ್ಟಿನ್ ಎಂಬ ಸಂಯುಕ್ತ ಸಿಕ್ಕಿತು. ಆ ಅಣು ಎಷ್ಟು ಜಟಿಲವೆಂದರೆ ಪ್ರಯೋಗಾಲಯದಲ್ಲಿ ಅದನ್ನು ಕಟ್ಟಲು ಕೇಂಬ್ರಿಜ್‌ನ ಸ್ಟೀವನ್ ಲೇ ಅವರ ತಂಡಕ್ಕೆ 22 ವರ್ಷ ಹಿಡಿಯಿತು; ಮುಗಿದದ್ದು 2007ರಲ್ಲಿ. ಬೇವಿನ ಗಿಡ ಅದನ್ನು ಪ್ರತಿ ಮುಂಗಾರಿಗೂ ನಮ್ಮ ಅಂಗಳದಲ್ಲಿ ಉದುರಿಸುತ್ತದೆ. ಬೇವಿನ ಎಣ್ಣೆಯಿಂದ ಶಿಲೀಂಧ್ರ ತಡೆಯುವ ವಿಧಾನಕ್ಕೆ ಯುರೋಪಿನ ಪೇಟೆಂಟ್ ಕಚೇರಿ 1994ರಲ್ಲಿ ಅಮೆರಿಕದವರಿಗೆ ಪೇಟೆಂಟ್ ಕೊಟ್ಟು, ಇದು ಭಾರತದಲ್ಲಿ ಮೊದಲೇ ಗೊತ್ತಿದ್ದದ್ದು ಎಂಬ ವಾದ ಒಪ್ಪಿ 2000ದಲ್ಲಿ ರದ್ದು ಮಾಡಿ, 2005ರಲ್ಲಿ ಮೇಲ್ಮನವಿಯನ್ನೂ ತಳ್ಳಿಹಾಕಿತು. ಮೊದಲೇ ಗೊತ್ತಿದ್ದ ನಾವು ಅದನ್ನು ಎಷ್ಟು ಬಳಸುತ್ತಿದ್ದೇವೆ ಎಂಬುದು ಬೇರೆ ಮಾತು.

ಅಜಡಿರಾಕ್ಟಿನ್ ಕೀಟವನ್ನು ತಟ್ಟನೆ ಕೊಲ್ಲುವುದಿಲ್ಲ. ಕಹಿಗೆ ಹುಳು ಎಲೆ ತಿನ್ನುವುದನ್ನು ಬಿಡುತ್ತದೆ. ತಿಂದ ಮರಿಹುಳುವಿಗೆ ಪೊರೆ ಕಳಚಲು ಬೇಕಾದ ಹಾರ್ಮೋನಿನ ಕೆಲಸ ಕೆಟ್ಟು, ಹಳೆಯ ಚರ್ಮದೊಳಗೇ ಸಿಕ್ಕಿಕೊಂಡು ಸಾಯುತ್ತದೆ. ಮನುಷ್ಯನಿಗೆ ಪೊರೆ ಕಳಚುವ ಪ್ರಸಂಗವೇ ಇಲ್ಲ. ಶುದ್ಧ ಅಜಡಿರಾಕ್ಟಿನ್ ಸಸ್ತನಿಗಳಿಗೆ ಅಷ್ಟಾಗಿ ವಿಷವಲ್ಲ ಎಂದು ಕಂಡಿರುವುದಕ್ಕೆ ಇದೂ ಒಂದು ಕಾರಣ. ಬೇವಿನ ಕೀಟನಾಶಕಗಳ ಸುರಕ್ಷತೆಯನ್ನು 2004ರಲ್ಲಿ ಪರಿಶೀಲಿಸಿದ ನೆದರ್ಲೆಂಡ್ಸ್ ಸಂಶೋಧಕರೂ ನೀರಿನಲ್ಲಿ ತೆಗೆದ ಸತ್ವಕ್ಕಿಂತ ನೀರಿಲ್ಲದ ದ್ರಾವಕಗಳಲ್ಲಿ ತೆಗೆದ ಸತ್ವವೇ ಹೆಚ್ಚು ವಿಷಕಾರಿ ಎಂದರು. ಹುಳುವನ್ನು ಕಾಡುವುದು ಒಂದು, ಕೂಸನ್ನು ಕಾಡುವುದು ಇನ್ನೊಂದು. ಎರಡೂ ಒಂದೇ ಬೀಜದಲ್ಲಿವೆ.

2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಕಲಬುರಗಿ ತೊಗರಿಗೆ ಮುಖ್ಯ ಶತ್ರು ಕಾಯಿ ಕೊರಕ. ಹೂವು, ಎಳೆಗಾಯಿ ಇರುವಾಗ ತಲೆಯನ್ನು ಕಾಯಿಯೊಳಗೆ ತೂರಿ ಕಾಳು ತಿನ್ನುವ ಹಸಿರು ಹುಳು. ಮೊಟ್ಟೆ, ಸಣ್ಣ ಮರಿಹುಳು ಕಂಡ ಹಂತದಲ್ಲೇ ಶೇಕಡ 5ರ ಬೇವಿನ ಬೀಜದ ಕಷಾಯ ಸಿಂಪಡಿಸಬೇಕೆಂದು ಕೃಷಿ ವಿಜ್ಞಾನಿಗಳು ಹೇಳುತ್ತಲೇ ಇದ್ದಾರೆ. ಐದು ಕಿಲೋ ಬೀಜದ ತಿರುಳನ್ನು ಎಣ್ಣೆ ಬಿಡದಂತೆ ಒರಟಾಗಿ ಕುಟ್ಟಿ, ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ, ಹತ್ತು ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಹಾಕಬೇಕು. ಬೆಳಗ್ಗೆ ಗಂಟನ್ನು ಹಿಂಡುತ್ತ ಹೋದರೆ ಹಾಲಿನಂಥ ಬಿಳಿ ದ್ರವ ಇಳಿಯುತ್ತದೆ. ಹಾಲು ನಿಂತು ತಿಳಿನೀರು ಬರುವವರೆಗೂ ಹಿಂಡಬೇಕು. ಸೋಸಿ, ಒಟ್ಟು 100 ಲೀಟರ್‌ ಆಗುವಂತೆ ನೀರು ಕೂಡಿಸಿ, ಎಲೆಗೆ ಅಂಟಲು ಸ್ವಲ್ಪ ಸಾಬೂನು ಕದಡಬೇಕು. ಬಿಸಿಲಿಗೆ ಅಜಡಿರಾಕ್ಟಿನ್ ಬೇಗ ಹಾಳಾಗುವುದರಿಂದ ಸಂಜೆ ಹೊಡೆಯಬೇಕು. ತಯಾರಿಸಿದ್ದನ್ನು ಅವತ್ತೇ ಮುಗಿಸಬೇಕು. ಕೊಡ ತೊಳೆದ ನೀರನ್ನು ಕೆರೆಗೆ, ಹಳ್ಳಕ್ಕೆ ಬಿಡಬಾರದು, ಮೀನಿಗೆ ಆಗದು. ಹುಳು ಬೆರಳುದ್ದ ಬೆಳೆದ ಮೇಲೆ ಹೊಡೆದು ‘ಬೇವು ಕೆಲಸ ಮಾಡಲಿಲ್ಲ’ ಎಂದರೆ ತಪ್ಪು ಬೇವಿನದಲ್ಲ.

ತೊಡಕು ಕಾಲದ್ದು. ಬೇವಿನ ಹಣ್ಣು ಉದುರುವುದು ಮುಂಗಾರಿನ ಶುರುವಿನಲ್ಲಿ, ತೊಗರಿ ಬಿತ್ತುವ ಗಡಿಬಿಡಿಯ ದಿನಗಳಲ್ಲೇ. ಕಾಯಿ ಕೊರಕ ಬರುವುದು ದೀಪಾವಳಿಯ ಆಸುಪಾಸಿನಲ್ಲಿ. ಆಗ ಬೀಜ ಹುಡುಕಿದರೆ ಗಿಡದಡಿ ಏನೂ ಇರುವುದಿಲ್ಲ, ಅಂಗಡಿಯ ಬಾಟಲಿಯೇ ಗತಿ. ಜೂನ್-ಜುಲೈನಲ್ಲಿ ಹಣ್ಣು ಆಯ್ದು, ಹಣ್ಣಿನ ಸಿಪ್ಪೆ, ಮೇಲಿನ ತಿರುಳು ತೊಳೆದು, ನೆರಳಿನಲ್ಲಿ ಗಾಳಿಯಾಡುವಂತೆ ಒಣಗಿಸಿ, ಗೋಣಿಚೀಲದಲ್ಲಿ ಕಟ್ಟಿಟ್ಟವರಿಗೆ ಮಾತ್ರ ನವೆಂಬರಿನಲ್ಲಿ ಕಷಾಯ ಸಿಗುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಹಸಿಯಾಗಿ ತುಂಬಿಟ್ಟರೆ ಬೂಷ್ಟು ಬರುತ್ತದೆ. ಎಂಟು-ಹತ್ತು ತಿಂಗಳು ದಾಟಿದ ಬೀಜದಲ್ಲಿ ಸತ್ವ ಇಳಿದುಹೋಗಿರುತ್ತದೆ, ಹಾಗಾಗಿ ಹೋದ ವರ್ಷದ ಚೀಲವನ್ನು ಈ ವರ್ಷದ ತೊಗರಿಗೆ ನೆಚ್ಚಿಕೊಳ್ಳುವಂತಿಲ್ಲ.